ಏಳನೇ ನಂಬರಿನ ತಟ್ಟೆ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು. ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಹೆಚ್ಚು ಓದಿದವರು ಮನ್ನಿಸಬೇಕು. ಆ ಬೆಳಿಗ್ಗೆ ಆಸ್ಪತ್ರೆಯ ಲ್ಯಾಬಿನಲ್ಲಿ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳಲ್ಲಿ ಏಳನೇ ನಂಬರಿನದನ್ನು ಬೆಳಕಿಗೆ ಹಿಡಿದು, ಸ್ಕೇಲಿಟ್ಟು ಅಳೆದೆ. ಅದರಲ್ಲಿಟ್ಟಿದ್ದ ಎಂಟು ಔಷಧಿ ಬಿಲ್ಲೆಗಳಲ್ಲಿ ಐದರ ಅಂಚಿನವರೆಗೂ ಬ್ಯಾಕ್ಟೀರಿಯಾ ಹಾಯಾಗಿ ಬೆಳೆದು ನಿಂತಿತ್ತು. ಉಳಿದ ಮೂರರ ಸುತ್ತ ಮಾತ್ರ, ಅದು ಸತ್ತ ಕಡೆ, ಬಳೆಯಂಥ ಖಾಲಿ ಜಾಗ. ಕಿಟಕಿ ಪಕ್ಕದ ತೊಟ್ಟಿಲಿನ ಮಗುವಿನ ರಕ್ತದಲ್ಲಿ ಸಿಕ್ಕಿದ್ದೂ ಇದೇ ಜಾತಿ; ಅದೂ ಅವೇ ಐದು ಔಷಧಿಗಳಿಗೆ ಜಗ್ಗಿರಲಿಲ್ಲ. ಮತ್ತೊಮ್ಮೆ ಅಳೆದೆ. ಮಗುವಿನ ತಟ್ಟೆಗೂ ಇದಕ್ಕೂ ಬಳೆಗಳ ಅಗಲದಲ್ಲಿ ಒಂದು ಮಿಲಿಮೀಟರಿನ ವ್ಯತ್ಯಾಸವೂ ಇರಲಿಲ್ಲ.

ಎಳೆಮಕ್ಕಳ ವಾರ್ಡಿನಲ್ಲಿ ಆ ಮಗುವಿಗೆ ಜ್ವರ ಏರಿದಾಗ, ಅಲ್ಲಿ ಕೆಲಸ ಮಾಡುವ ಹನ್ನೊಂದು ಜನರ ಮೂಗಿಗೂ ಹತ್ತಿಕಡ್ಡಿ ಆಡಿಸಿ ನನಗೆ ಕಳಿಸಿದ್ದರು. ಕಡ್ಡಿಗಳ ಮೇಲೆ ಬರೀ ನಂಬರು. ಹೆಸರಿನ ಪಟ್ಟಿ ಸಿಸ್ಟರ್ ಹತ್ತಿರ. ಅದೇ ಒಳ್ಳೆಯದು, ಹೆಸರು ಗೊತ್ತಿದ್ದರೆ ನನ್ನ ಸ್ಕೇಲು ಅತ್ತಿತ್ತ ಸರಿದೀತು. ಉಳಿದ ಹತ್ತು ತಟ್ಟೆಗಳಲ್ಲಿ ಈ ಜಾತಿ ಇರಲಿಲ್ಲ.

ಡಾಕ್ಟರಿಗೆ ಫೋನು ಮಾಡಿದೆ.

"ಅದೇನಾ?"

"ಅದೇ ಥರ ಇದೆ ಸರ್. ಆದರೆ ಇವರಿಂದ ಮಗುವಿಗೆ ಹೋಯ್ತೋ, ಮಗುವಿಂದ ಇವರಿಗೆ ಬಂತೋ, ತಟ್ಟೆ ನೋಡಿ ಹೇಳಕ್ಕಾಗಲ್ಲ. ರಿಪೋರ್ಟಿನ ಷರಾದಲ್ಲಿ ಹಾಗಂತ ಬರೀಲಾ?"

"ನಿನ್ನ ಸಂಜೆ ಕಾಲೇಜಲ್ಲಿ ಲ್ಯಾಬ್ ಕೆಲಸದ ಜತೆ ವಕೀಲಿಕೆನೂ ಹೇಳಿಕೊಟ್ರೇನಮ್ಮ?" ಎಂದು ನಕ್ಕರು. ಕೆಟ್ಟ ಮನಸ್ಸಿನವರಲ್ಲ. "ನಂಬರ್ ಬರೆದು ಕಳಿಸು ಸಾಕು. ಉಳಿದದ್ದು ವಾರ್ಡಿನೋರು ನೋಡ್ಕೋತಾರೆ."

ಆಗಲಿ ಸರ್ ಎಂದೆ. ಷರಾ ಖಾಲಿ ಬಿಟ್ಟು ಸಹಿ ಹಾಕಿದೆ. ಅಷ್ಟರಲ್ಲಿ ಕಿಂಡಿಯ ಬಳಿ ವಾರ್ಡಿನ ಆಯಮ್ಮ ಬಂದು ನಿಂತರು. ನನ್ನ ಲ್ಯಾಬು ಓಣಿಯ ಕೊನೆಯಲ್ಲಿದೆ. ಬಂದವರು ಕಿಂಡಿಯಲ್ಲಿ ರಕ್ತ, ಕಫದ ಡಬ್ಬಿ ಇಟ್ಟು, ಸಹಿ ಹಾಕಿ ನಡೆದುಬಿಡುತ್ತಾರೆ. ನಿಂತು ಎರಡು ಮಾತಾಡುವವರು ಇವರೊಬ್ಬರೇ.

"ಏನಮ್ಮ, ಇದೀಯೋ, ಇಲ್ಲಾ ಹುಳಗಳು ನಿನ್ನೂ ನುಂಗಿಬಿಟ್ವೋ?"

"ಇದೀನಿ ಆಯಮ್ಮ."

"ಯಾರ ಮೂಗಲ್ಲಿತ್ತಂತೆ? ಆ ಹೊಸ ನರ್ಸಮ್ಮಂದೇ ಇರ್ಬೇಕು. ಯಾವಾಗ ನೋಡು, ಸೊರ್ ಸೊರ್ ಅಂತಿರ್ತಾಳೆ. ಪಾಪ, ಬೈಬೇಡಿ ಅಂತ ಸಿಸ್ಟರಿಗೆ ನಾನೇ ಹೇಳ್ತೀನಿ."

"ನನಗೆ ನಂಬರಷ್ಟೇ ಗೊತ್ತು."

"ನಂಗೂ ಒಂದು ಕೊಟ್ಟಿದ್ರು. ಏಳು. ಸ್ಕೂಲಲ್ಲೂ ನಂದು ಇಷ್ಟು ಮುಂದಿನ ನಂಬರ್ ಬಂದಿರ್ಲಿಲ್ಲ."

ನಾನು ನಗಬೇಕಿತ್ತು. ಮುಖ ಮುಚ್ಚಿಟ್ಟುಕೊಳ್ಳುವುದು ನನಗೆ ಬಾರದ ವಿದ್ಯೆ. ಆಯಮ್ಮ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಕಿಂಡಿಯ ಕಟ್ಟೆಯ ಮೇಲಿಟ್ಟಿದ್ದ ಕೈಗಳನ್ನು ಮೆಲ್ಲಗೆ ತೆಗೆದುಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ನಿಮಗೇನೂ ಕಾಯಿಲೆ ಇಲ್ಲ ಆಯಮ್ಮ. ಐದು ದಿನ ಮೂಗಿಗೆ ಮುಲಾಮು ಹಚ್ಚಿದ್ರೆ ಹೋಗಿಬಿಡುತ್ತೆ," ಎಂದೆ.

"ಕೂಸಿಗೆ ನಾನೇ ಕೊಟ್ಟೆನಾ?"

"ಗೊತ್ತಿಲ್ಲ. ಅದೇ ನಿಮಗೆ ಕೊಟ್ಟಿರಬಹುದು."

"ಅದರ ತಾಯಿ ಇನ್ನೂ ಎದ್ದು ಕೂತಿಲ್ಲ. ಹಾಲಾದ ಮೇಲೆ ತೊಟ್ಟಿಲಿಗೆ ಹಾಕು ಅಂತಾರೆ ಸಿಸ್ಟರು. ಹಾಕಿದ್ರೆ ಕಿರುಚುತ್ತೆ. ಎತ್ಕೊಂಡು ಓಡಾಡ್ತಿದ್ದೆ. ಮೂತಿ ಇಲ್ಲಿಟ್ಟು ನಿದ್ದೆ ಹೋಗೋದು." ಕತ್ತಿನ ಪಕ್ಕ ಬೆರಳಿಟ್ಟು ತೋರಿಸಿದರು. "ಮನೇಲಿ ನಾನು ಮಾತಾಡ್ಸಿದ್ರೆ ಓ ಅನ್ನೋಕೆ ಒಂದು ನರಪಿಳ್ಳೆ ಇಲ್ಲ. ಇದು ನನ್ನ ದನಿ ಕೇಳಿದ್ರೆ ಸಾಕು, ತಿರುಗೋದು." ಕತ್ತಿನಿಂದ ಬೆರಳು ತೆಗೆದು, "ಯಾರು ಯಾರಿಗೆ ಕೊಟ್ರೋ ಗೊತ್ತಿಲ್ಲ ಅಂದೆಯಲ್ಲ, ಅದನ್ನ ಬರೀತೀಯಾ? ಬರೆದ್ರೆ ನನ್ನ ವಾರ್ಡಲ್ಲೇ ಇಟ್ಕೋತಾರೇನೋ," ಎಂದರು.

"ಬರೀತೀನಿ."

ಬರೆದೆ. ಸಹಿಯಾದ ಮೇಲೆ ಸೇರಿಸುವುದು ತಪ್ಪೆಂದು ಗೊತ್ತಿದ್ದೂ, ಷರಾದಲ್ಲಿ ಒಂದು ಸಾಲು ಬರೆದು ಪಕ್ಕದಲ್ಲಿ ಮತ್ತೆ ಸಹಿ ಹಾಕಿದೆ. ಅದನ್ನು ಯಾರಾದರೂ ಓದಿದರೋ ಇಲ್ಲವೋ. ಆ ಮೂರು ಔಷಧಿಗಳಲ್ಲೊಂದು ಹಿಡಿದು ಮಗುವಿನ ಜ್ವರ ಇಳಿಯಿತು. ಆಯಮ್ಮನನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಮುಂದೆ ಮೂರು ಸಲ ಅವರ ಮೂಗಿನ ಕಡ್ಡಿ ಬಂತು. ಮೂರೂ ಸಲ ತಟ್ಟೆ ಸ್ವಚ್ಛವಾಗಿತ್ತು. ಮೂರೂ ಸಲ ದಪ್ಪ ಅಕ್ಷರದಲ್ಲಿ ಹಾಗೆಂದು ಬರೆದು ಕಳಿಸಿದೆ. ಆ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂದು ಸಿಸ್ಟರು ಹೇಳಿದರಂತೆ. ಈಗ ಡಬ್ಬಿ ತರುವ ಹೆಂಗಸು ಮಾತಾಡುವುದಿಲ್ಲ.

ಇನ್ನೊಂದನ್ನು ಹೇಳದೆ ನಿಲ್ಲಿಸಿದರೆ ತಪ್ಪಾಗುತ್ತದೆ. ಆ ಹನ್ನೊಂದು ಜನರಲ್ಲಿ ನಾನಿರಲಿಲ್ಲ. ವಾರ್ಡಿಗೆ ಕಾಲಿಡದವಳೆಂದು ನನ್ನ ನೆನಪು ಯಾರಿಗೂ ಬರಲಿಲ್ಲ. ಆದರೆ ನನ್ನ ಕೈಯಲ್ಲಿ ಇಂಥ ತಟ್ಟೆಗಳು ವರ್ಷಗಳಿಂದ ಓಡಾಡಿವೆ, ಮತ್ತು ಆಯಮ್ಮ ಡಬ್ಬಿ ಕೊಟ್ಟು ಸಹಿ ಹಾಕುತ್ತಿದ್ದುದು ದಿನವೂ ನನ್ನ ಪೆನ್ನಿನಲ್ಲಿ. ಆ ವಾರ ಒಂದು ಕಡ್ಡಿಯನ್ನು ನನ್ನ ಮೂಗಿಗೂ ಆಡಿಸಿ ನೋಡಬಹುದಿತ್ತು. ಮೇಜಿನ ಮೇಲೆ ಕಡ್ಡಿಗಳ ಕಟ್ಟೇ ಇತ್ತು. ನಾನು ನೋಡಲಿಲ್ಲ. ಆದ್ದರಿಂದ ಅದು ಮೊದಲು ಯಾರಲ್ಲಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ.