ಯಜಮಾನರಿಗೊಂದು ಗೇಮಿಂಗ್ ಕಂಪ್ಯೂಟರ್

“ಇದನ್ನ ಗೇಮಿಂಗ್ ಕಂಪ್ಯೂಟರ್ ಅಂತ ಮಾರೋಕೆ ನಿಮಗೆ ನಾಚಿಕೆ ಆಗಲ್ವಾ?”

ಅಂಗಡಿಗೆ ಕಾಲಿಟ್ಟ ಹೆಂಗಸಿನ ಮೊದಲ ಮಾತೇ ಇದು. ಕೈಚೀಲವನ್ನು ಕೌಂಟರಿನ ಮೇಲೆ ಕುಕ್ಕಿ, ಬಣ್ಣದ ದೀಪ ಮಿನುಗಿಸುತ್ತಿದ್ದ ಮಷೀನನ್ನು ಹಳಸಿದ ಪದಾರ್ಥ ನೋಡುವಂತೆ ನೋಡಿದಳು.

ಕೌಂಟರಿನ ಹಿಂದೆ ನಿಂತಿದ್ದ ಸೋದರಳಿಯನ ಕಿವಿ ಬಿಸಿಯಾಯಿತು. ಅಂಗಡಿ ಅವನ ಮಾವನದು. ಮಷೀನು ಮಾತ್ರ ಅವನದು. ದುಬಾರಿಯದು ಕೊಳ್ಳಲಾಗದವರೂ ಆಟವಾಡಲಿ ಎಂದು ಅಗ್ಗದ ಬಿಡಿಭಾಗ ಹುಡುಕಿ ತಂದು ಕೈಯಾರೆ ಜೋಡಿಸಿದ್ದ. ಜಾಹೀರಾತನ್ನೂ ತಾನೇ ಬರೆದಿದ್ದ. ಬಂದವರೆಲ್ಲ ಮುಟ್ಟಿದರು, ಹೊಗಳಿದರು, ಹೋದರು. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಮಾವ ಹೇಳಿದ್ದ: “ಇವತ್ತು ಇದು ಹೋಗಲಿಲ್ಲ ಅಂದ್ರೆ ನೀನು ಹೋಗು.” ಈಗ ಗಲ್ಲಾಪೆಟ್ಟಿಗೆಯ ಹಿಂದೆ ಪೇಪರು ಹಿಡಿದು ಕೂತಿದ್ದ. ಹಾಳೆ ಮಾತ್ರ ಮಗುಚುತ್ತಿರಲಿಲ್ಲ.

“ಮಗನಿಗಾ ಮೇಡಂ?” ಸೋದರಳಿಯ ನಗು ತಂದುಕೊಂಡ.

“ಮಗನಿಗಿಂತ ಜಾಸ್ತಿ ಹಠ ಮಾಡೋ ಗಂಡನಿಗೆ. ಹಳೇದು ಸುಟ್ಟುಹೋಯ್ತು. ನಿಮ್ಮ ಜಾಹೀರಾತು ನೋಡಿ ಇದೇ ಬೇಕು ಅಂತ ಕೂತಿದಾರೆ. ‘ನಿನಗೇನೂ ಗೊತ್ತಾಗಲ್ಲ, ಸುಮ್ಮನೆ ದುಡ್ಡು ಕೊಟ್ಟು ತಗೊಂಡು ಬಾ’ ಅಂತ ಕಳಿಸಿದಾರೆ.”

ಹಾಗಿದ್ದರೆ ಸುಮ್ಮನೆ ಕೊಟ್ಟು ತಗೊಂಡು ಹೋಗಬಾರದೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

“ಮುಚ್ಚಳ ಬಿಚ್ಚಿ,” ಎಂದಳು.

ಬಿಚ್ಚಿದ. ಅವಳು ಬಗ್ಗಿ ಒಳಗೆ ಇಣುಕಿದಳು.

“ಒಂದೇ ಫ್ಯಾನು.”

“ಸಾಕಾಗುತ್ತೆ ಮೇಡಂ.”

“ಮೆಮೊರಿ ಎರಡು ಹಾಕೋ ಕಡೆ ಒಂದೇ ಹಾಕಿದೀರ. ಈ ಗ್ರಾಫಿಕ್ಸ್ ಕಾರ್ಡು ಯಾರ ಅಟ್ಟದಿಂದ ಇಳಿಸಿದ್ರಿ?”

“ಕಾಸಿಗೆ ತಕ್ಕ ಕಜ್ಜಾಯ ಮೇಡಂ.”

“ಜಾಹೀರಾತಿನಲ್ಲಿ ಹಾಗಂತ ಬರೆದಿರಲಿಲ್ಲ.”

ಗಲ್ಲಾಪೆಟ್ಟಿಗೆಯ ಕಡೆಯಿಂದ ಒಂದು ಕೆಮ್ಮು ಕೇಳಿಸಿತು.

ಅವಳು ಕುರ್ಚಿ ಎಳೆದು ಕೂತಳು. ಎಡಗೈ ಬೆರಳುಗಳು ನೋಡದೆಯೇ ಕೀಲಿಮಣೆಯ ಮೇಲೆ ತಮ್ಮ ಜಾಗ ಹುಡುಕಿಕೊಂಡವು. ಬೆಣ್ಣೆ ಹಚ್ಚಲು ಇದೇ ಸಮಯವೆಂದುಕೊಂಡ ಸೋದರಳಿಯ.

“ಟೈಪಿಂಗ್ ಕೆಲಸವಾ ಮೇಡಂ? ಕೈ ಚೆನ್ನಾಗಿ ಕೂತಿದೆ.”

“ಕಟ್ಟಡದ ನಕ್ಷೆ ಮಾಡೋ ಆಫೀಸು. ಅಲ್ಲಿರೋ ಮಷೀನಿನ ಮುಂದೆ ಇದು ಕ್ಯಾಲ್ಕುಲೇಟರು.” ಮೌಸನ್ನು ಅತ್ತಿತ್ತ ಸರಿಸಿ ಮೂಗು ಮುರಿದಳು. “ಇವರು ಸಂಜೆ ಆಟಕ್ಕೆ ಕೂತ್ರೆ ನಾನು ಆಫೀಸಲ್ಲೇ ಉಳಿದುಬಿಡ್ತೀನಿ. ಆ ಕೂಗಾಟ ಮನೇಲಿ ಯಾರು ಕೇಳ್ತಾರೆ?”

ಪಾಪದ ಗಂಡ ಎಂದುಕೊಂಡ ಸೋದರಳಿಯ. ಇಂಥವಳ ಜೊತೆ ಬಾಳುವವನು ಆಟದಲ್ಲಿ ಬಂದೂಕು ಹಿಡಿಯದೆ ಇನ್ನೇನು ಮಾಡಿಯಾನು?

“ಕೊನೇ ಪ್ರಶ್ನೆ,” ಎಂದಳು. “ಮೂರು ಕಡೆಯಿಂದ ಶತ್ರುಗಳು ನುಗ್ಗಿ, ಅದರ ಮೇಲೆ ಹೊಗೆ ಬಾಂಬೂ ಬಿದ್ರೆ ಇದು ತಡ್ಕೊಳ್ಳುತ್ತಾ?”

ಗಂಡನ ಕೂಗಾಟ ಕೇಳಿ ಕೇಳಿ ಬಾಯಿಪಾಠವಾಗಿರಬೇಕು.

“ಆಟ ಓಡುತ್ತೆ ಮೇಡಂ.”

“ಓಡುತ್ತೋ, ಕುಂಟುತ್ತೋ?”

ಮಾವನ ಪೇಪರು ಕೆಳಗಿಳಿಯಿತು. ಅದರ ಮೇಲಿಂದ ಎರಡು ಹುಬ್ಬು, ‘ಓಡುತ್ತೆ ಅನ್ನೋ’ ಎಂದು ಗದರಿದವು. ಒಂದು ಸುಳ್ಳು ಹೇಳಿದರೆ ಮಷೀನು ಹೋಗುತ್ತದೆ, ಕೆಲಸ ಉಳಿಯುತ್ತದೆ. ಆದರೆ ಒಳಗೆ ಕುದಿಯುತ್ತಿದ್ದುದು ಉಕ್ಕಿಯೇ ಬಿಟ್ಟಿತು.

“ಕುಂಟುತ್ತೆ. ಸ್ವಲ್ಪ ಹೊತ್ತು ಆಡಿದ್ರೆ ಕಾದ ಹೆಂಚಾಗುತ್ತೆ. ಫ್ಯಾನು ಮಿಕ್ಸಿ ಥರ ಅರಚುತ್ತೆ. ಪರದೆ ಮೇಲೆ ಗಲಾಟೆ ಜಾಸ್ತಿ ಆದಾಗ, ಸರಿಯಾಗಿ ಗುರಿಯಿಟ್ಟು ಹೊಡೀಬೇಕಾದ ಹೊತ್ತಿಗೇ, ಕಲ್ಲಾಗಿ ನಿಂತುಬಿಡುತ್ತೆ. ಬಿಡುವಿದ್ದಾಗ ಹಾಯಾಗಿ ಆಡೋರಿಗೆ ಇದು ಸಾಕು. ಗೆಲ್ಲಬೇಕು ಅಂತ ಕೂರೋರಿಗೆ ನಾನೇ ಬೇಡ ಅಂತೀನಿ. ಸಮಾಧಾನ ಆಯ್ತಾ? ಇನ್ನು ಹೊರಡಿ.”

ಮಾವ ಎದ್ದು ನಿಂತಿದ್ದ. ಅವನ ಮುಖ ನೋಡುವ ಧೈರ್ಯ ಸೋದರಳಿಯನಿಗಾಗಲಿಲ್ಲ. ಸ್ಕ್ರೂಡ್ರೈವರು ಕೈಗೆತ್ತಿಕೊಂಡ. ಹೇಗೂ ಬಿಚ್ಚಿಡಬೇಕಾದದ್ದೇ.

“ಪ್ಯಾಕ್ ಮಾಡಿ,” ಎಂದಳು ಹೆಂಗಸು.

“ಏನಂದ್ರಿ?”

“ಇದೇ ಬೇಕು. ಮಾರಿದ ಮಾಲು ವಾಪಸ್ ತಗೊಳ್ಳೋದಿಲ್ಲ ಅಂತ ಬಿಲ್ಲಿನ ಮೇಲೆ ದಪ್ಪಕ್ಷರದಲ್ಲಿ ಬರೀರಿ. ಇಲ್ಲಾಂದ್ರೆ ನಮ್ಮ ಯಜಮಾನ್ರು ನಾಳೆಯೇ ಹೊತ್ಕೊಂಡು ಬರ್ತಾರೆ.”

ಮಾವ ಕೂತು ಬಿಲ್ಲು ಬರೆಯತೊಡಗಿದ. ಪೆಟ್ಟಿಗೆಗೆ ಟೇಪು ಸುತ್ತುವಾಗ ಸೋದರಳಿಯನ ತಲೆಗೆ ವಿಷಯ ಹೊಳೆಯಿತು. ತಾನು ಅಕ್ಕರೆಯಿಂದ ಕಟ್ಟಿದ್ದು ಒಬ್ಬನ ಚಟ ಬಿಡಿಸುವ ಕಹಿ ಕಷಾಯವಾಗಲು ಹೊರಟಿತ್ತು.

“ಗೊತ್ತಾಯ್ತು ಬಿಡಿ,” ಎಂದ, ಪೆಟ್ಟಿಗೆಯನ್ನು ಅವಳ ಕಡೆ ದಬ್ಬುತ್ತ. “ಬೇಸತ್ತು ಯಜಮಾನ್ರು ಆಟಾನೇ ಬಿಡಲಿ ಅಂತ ತಾನೇ?”

“ಬಿಟ್ರೆ ಹೇಗೆ? ಭಾನುವಾರ ಆನ್‌ಲೈನ್ ಟೂರ್ನಿಯ ಫೈನಲ್ಲು,” ಎಂದಳು ಅವಳು, ಪೆಟ್ಟಿಗೆಯನ್ನು ಕಂಕುಳಿಗೇರಿಸಿಕೊಂಡು. “ಅವರ ಎದುರಾಳಿ ನಾನೇ ಅನ್ನೋದು ಅವರಿಗಿನ್ನೂ ಗೊತ್ತಿಲ್ಲ.”