ಬಳೆ ಕೆಂಪಾದ ದಿನ

ಸಕ್ಕರೆ ಕಾಯಿಲೆಯವರ ಕೈಗೆ ಸರ್ಕಾರ ತೊಡಿಸುವ ಬಳೆಯನ್ನು ತೆಗೆಯಲು ಬರುವುದಿಲ್ಲ. ಸಕ್ಕರೆ ಹದದಲ್ಲಿದ್ದರೆ ಹಸಿರು, ಏರಿದರೆ ಕೆಂಪು. ಗದಗಿನಲ್ಲಿ ಬಾಗಿಲು ತೆರೆದವರು ಮುಖಕ್ಕಿಂತ ಮೊದಲು ಬಳೆಯನ್ನೇ ನೋಡುತ್ತಾರೆ.

ಸಕ್ಕರೆ ಹಿಡಿತಕ್ಕೆ ಬರುವವರೆಗೆ ಬಸಿರು ಬೇಡವೆಂದು ಡಾಕ್ಟರು ನೀಲಾಂಬಿಕೆಗೆ ಹೇಳಿದ್ದರು. ಮೊಮ್ಮಗುವಿಗೆಂದು ಆಗಲೇ ಕುಲಾವಿ ಹೊಲಿದಿಟ್ಟಿದ್ದ ಅತ್ತೆಗೆ ಅದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಬಸಿರು ತಡಿಯೋ ಇಂಜೆಕ್ಷನ್ ತಗೊಂಡ್ರ ಸಕ್ಕರಿ ಏರಬಹುದು, ಮನ್ಯಾಗ ಗೊತ್ತಾಗ್ತೈತಿ," ಎಂದಳು ನರ್ಸ್. "ಕಾಪರ್-ಟಿ ಸಕ್ಕರಿ ತಂಟೆಗೇ ಹೋಗಂಗಿಲ್ಲ."

ನೀಲಾಂಬಿಕೆ ಕಾಪರ್-ಟಿಯನ್ನೇ ಹಾಕಿಸಿಕೊಂಡಳು. ಹೆದರಿಕೆಗೂ ಸಕ್ಕರೆ ಏರುತ್ತದೆ ಎಂಬುದನ್ನು ಮಾತ್ರ ಮರೆತಿದ್ದಳು. ಓಣಿ ತಿರುಗುವಷ್ಟರಲ್ಲಿ ಬಳೆ ಕುಂಕುಮದಂತೆ ಕೆಂಪಾಗಿತ್ತು.

ಅತ್ತೆ ಕಲ್ಲವ್ವ ಬಾಗಿಲಲ್ಲೇ ಅವಳ ಕೈ ಹಿಡಿದಳು. ಹಿಡಿದ ಕೈಯಲ್ಲೂ ಅಂಥದೇ ಒಂದು ಹಳೆಯ ಬಳೆಯಿತ್ತು.

"ಏನ್ ತಿಂದ್ ಬಂದೀ ಯವ್ವಾ?"

"ಶೇಂಗಾ ಹೋಳಿಗಿ ತಿಂದ್ನಿರಿ ಅತ್ತಿ, ಒಂದ ಒಂದು..."

ಕಲ್ಲವ್ವ ತನ್ನ ಸೆರಗನ್ನು ಎಳೆದು ಆ ಕೆಂಪು ಬಳೆಯ ಮೇಲೆ ಹೊದಿಸಿದಳು.

"ಕಾಪರ್-ಟಿ ಹಾಕಿಸ್ಕೊಂಡ ದಿನ ನಮ್ಮತ್ತಿಗೆ ನಾನೂ ಹೋಳಿಗಿ ಅಂತನ ಹೇಳಿದ್ದೆ. ಒಳಗ ಬಾ, ನಿಮ್ಮ ಮಾವ ನೋಡ್ಯಾರು."