ಕಿವಿಯೊಳಗಿನ ಹಾಡು

ನೆರೆಮನೆಯ ಜಂಬಮ್ಮ ಹೊಸ್ತಿಲಲ್ಲಿ ನಿಂತು ಏನೋ ಕೇಳಿದಳು. ತುಟಿ ಅಲ್ಲಾಡಿದ್ದು ಹಾಸಿಗೆಯಲ್ಲಿದ್ದ ಕೊಂಡಮ್ಮನಿಗೆ ಕಂಡಿತು, ಮಾತು ಮಾತ್ರ ಕೇಳಲಿಲ್ಲ. ಎರಡೂ ಕಿವಿಗಳಲ್ಲಿ ಹಾಡು ತುಂಬಿತ್ತು.

"ಅತ್ತಿ, ನಿನಗ ಬ್ಯಾಸರ ಆಗಬಾರ್ದಂತ ಆದೋನಿಯಿಂದ ತರಿಸೀನಿ," ಎಂದು ಸೊಸೆ ಶ್ರಾವಣಿ ಬೆಳಿಗ್ಗೆ ಕಡ್ಡಿಪೆಟ್ಟಿಗೆಯಷ್ಟಿದ್ದ ಪ್ಲೇಯರನ್ನು ದಿಂಬಿನ ಪಕ್ಕ ಇಟ್ಟು, ಇಯರ್‌ಫೋನ್ ಸಿಕ್ಕಿಸಿ, ಹತ್ತಿ ಬಿಡಿಸಲು ಹೋಗಿದ್ದಳು. ಲಕ್ವ ಹೊಡೆದು ಕೈಯೂ ನಾಲಿಗೆಯೂ ಬಿದ್ದುಹೋದ ಅತ್ತೆ ಅದನ್ನು ಕೀಳುವುದು ಹೇಗೆಂಬ ಪ್ರಶ್ನೆಯೇ ಆ ಒಳ್ಳೆಯ ಹುಡುಗಿಗೆ ಹೊಳೆಯಲಿಲ್ಲ.

ಮೊದಲೆಲ್ಲ ಗೂಡಿನಲ್ಲಿದ್ದ ಟೇಪ್‌ರೆಕಾರ್ಡರ್ ಹಾಡಿದರೆ ಓಣಿಗೆಲ್ಲ ಕೇಳುತ್ತಿತ್ತು. ಆ ದನಿ ಹಿಡಿದೇ ಜಂಬಮ್ಮ ಮೊರದ ತುಂಬ ಶೇಂಗಾ ತಂದು, ಕಾಲು ಚಾಚಿ ಕೂಡುತ್ತಿದ್ದಳು. ಹಾಡಿಗಿಂತ ಜಾಸ್ತಿ ಅವರಿಬ್ಬರ ಮಾತೇ ನಡೆಯುತ್ತಿತ್ತು; ಕೊಂಡಮ್ಮನ ನಾಲಿಗೆ ಬಿದ್ದ ಮೇಲೆ ಜಂಬಮ್ಮನೊಬ್ಬಳದೇ. ಇವತ್ತೂ ಕಂಕುಳಲ್ಲಿ ಮೊರವಿತ್ತು.

ಬಾ, ಕೂಡು ಎಂದು ಕೊಂಡಮ್ಮ ಕಣ್ಣಲ್ಲೇ ಕರೆದಳು. ಕಣ್ಣು ತುಂಬಿ ಹರಿಯಿತು. ಅಷ್ಟರಲ್ಲಿ ಹಾಡು ಮುಗಿದು, ಆ ಒಂದು ಗಳಿಗೆಯ ಸಂದಿಯಲ್ಲಿ ಜಂಬಮ್ಮ ತನ್ನಷ್ಟಕ್ಕೆ ಅನ್ನುವುದು ಕೇಳಿತು: "ಹಾಡಿನಾಗ ಎಷ್ಟ್ ಮುಳುಗ್ಯಾಳ ನೋಡು, ಕಣ್ಣಾಗ ನೀರು ಬಂದಾವ. ಕೇಳಲಿ ಬಿಡು, ನಡುವ ನಾ ಯಾಕ?"

ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಮುಂದಿನ ಹಾಡು ಶುರುವಾಯಿತು.